ಸೊನ್ನೆಯಿಂದ ಪೋಕರ್ ಬಂಡವಾಳ: ಹತ್ತುವುದಕ್ಕಿಂತ ಇಳಿಯುವುದನ್ನು ಮೊದಲು ಕಲಿಯಬೇಕು

ಪೋಕರ್ ಆಟಕ್ಕೆ ಹವ್ಯಾಸಿಗಳು ಗುಂಪುಗುಂಪಾಗಿ ಬರಲು ಕಾರಣವಾದದ್ದು 2003ರ ಒಂದು ಗೆಲುವು. ಟೆನ್ನೆಸಿ ರಾಜ್ಯದಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದ ಕ್ರಿಸ್ ಮನಿಮೇಕರ್ ಎಂಬವರು 86 ಡಾಲರ್ ಕೊಟ್ಟು ಆನ್‌ಲೈನ್ ಅರ್ಹತಾ ಪಂದ್ಯವೊಂದನ್ನು ಸೇರಿ, ಅದರ ಮೂಲಕ 10,000 ಡಾಲರ್ ಪ್ರವೇಶಧನದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯಾವಳಿಗೆ ಜಾಗ ಗಿಟ್ಟಿಸಿ, 838 ಆಟಗಾರರನ್ನು ಹಿಂದಿಕ್ಕಿ 25 ಲಕ್ಷ ಡಾಲರ್ ಗೆದ್ದರು. ನಾನೂ ಈ ಕಥೆಯನ್ನು ಕೇಳಿಯೇ ಆಟದ ಕಡೆಗೆ ತಿರುಗಿದವನು. ಆದರೆ ಸಂಬಳದ ಕೆಲಸ ಮಾಡಿಕೊಂಡು, ಸಂಜೆಯ ಬಿಡುವಿನಲ್ಲಿ ಆಡುವ ಹವ್ಯಾಸಿಗೆ ಈ ಕಥೆ ದಾರಿ ತೋರಿಸುವುದಿಲ್ಲ. ಒಂದು ವಾರದ ಅದ್ಭುತವನ್ನು ಯಾರೂ ಅಭ್ಯಾಸ ಮಾಡಿ ಸಾಧಿಸಲಾಗದು. ಅಭ್ಯಾಸ ಮಾಡಬಹುದಾದ ಕಥೆ ಇನ್ನೊಂದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಮೊದಲು ಹೇಳಬೇಕಾದದ್ದು ಅದನ್ನೇ.

ಕ್ರಿಸ್ ಫರ್ಗುಸನ್ 2000ನೇ ಇಸವಿಯಲ್ಲಿ ಅದೇ ಮುಖ್ಯ ಪಂದ್ಯಾವಳಿಯನ್ನು ಗೆದ್ದು 15 ಲಕ್ಷ ಡಾಲರ್ ಪಡೆದವರು. ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪದವೀಧರರು. ಕೊನೆಯ ಕೈಯಲ್ಲಿ, ಅಂದರೆ ಕೊನೆಯ ಸಲ ಎಲೆ ಹಂಚಿದಾಗ, ಅವರ ಬಳಿ ಎಕ್ಕ ಮತ್ತು ಒಂಬತ್ತು ಇದ್ದವು, ಎದುರಾಳಿ ಟಿ. ಜೆ. ಕ್ಲೂಟಿಯರ್ ಬಳಿ ಎಕ್ಕ ಮತ್ತು ರಾಣಿ. ಇಬ್ಬರೂ ಬಳಸುವ, ಟೇಬಲ್ಲಿನ ಮೇಲಿನ ಐದು ಎಲೆಗಳಲ್ಲಿ ಕೊನೆಯದು ಬೀಳುವ ಮುನ್ನ ಫರ್ಗುಸನ್ನರನ್ನು ಗೆಲ್ಲಿಸಬಲ್ಲ ಎಲೆಗಳು ಉಳಿದ 44ರಲ್ಲಿ ಮೂರು ಮಾತ್ರ, ಅಂದರೆ ಮೂರು ಒಂಬತ್ತುಗಳು, ಅವುಗಳಲ್ಲೊಂದು ಬಿದ್ದಿತು. ಒಂದು ಕೈಯ ಫಲಿತಾಂಶ ಆಟಗಾರನ ಬಗ್ಗೆ ಏನನ್ನೂ ಸಾಬೀತುಪಡಿಸುವುದಿಲ್ಲ ಎಂಬುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಲು ಸಾಧ್ಯ? ಅದಕ್ಕಾಗಿಯೇ ಇರಬೇಕು, 2006ರಲ್ಲಿ ಅವರು ಕೈಯಲ್ಲಿದ್ದ ಲಕ್ಷಗಳನ್ನೆಲ್ಲ ಪಕ್ಕಕ್ಕಿಟ್ಟು, ಖಾತೆಯಲ್ಲಿ ಒಂದು ಸೆಂಟೂ ಇಲ್ಲದೆ ಆರಂಭಿಸಿ 10,000 ಡಾಲರ್ ಮಾಡುವ ಪ್ರಯೋಗಕ್ಕೆ ಇಳಿದರು. 2007ರಲ್ಲಿ ಅದನ್ನು ಸಾಧಿಸಿದರು.

ಅವರು ತಮಗೆ ವಿಧಿಸಿಕೊಂಡ ನಿಯಮಗಳು ಬಹಳ ಸರಳ. ನೇರವಾಗಿ ಹಣವನ್ನೇ ಪಣಕ್ಕಿಟ್ಟು ಆಡುವ ನಗದು ಟೇಬಲ್ಲಿಗಾಗಲಿ ಒಂದೇ ಟೇಬಲ್ಲಿನ ಪುಟ್ಟ ಪಂದ್ಯಕ್ಕಾಗಲಿ ಒಟ್ಟು ಬಂಡವಾಳದ ನೂರಕ್ಕೆ 5ಕ್ಕಿಂತ ಹೆಚ್ಚು ಹಣವನ್ನು ಒಯ್ಯುವಂತಿಲ್ಲ. ಹಲವು ಟೇಬಲ್ಲುಗಳ ಪಂದ್ಯಾವಳಿಗಾದರೆ ಮಿತಿ ನೂರಕ್ಕೆ 2. ತೀರ ಕೆಳಗಿನ ಹಂತದಲ್ಲಿ ಇದು ಸಾಧ್ಯವಿಲ್ಲವಾದ್ದರಿಂದ 2.50 ಡಾಲರ್ ಒಳಗಿನ ಆಟಕ್ಕೂ 1 ಡಾಲರ್ ಪಂದ್ಯಾವಳಿಗೂ ವಿನಾಯಿತಿ. ಮೂರನೆಯ ನಿಯಮವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ: ನಗದು ಆಟದಲ್ಲಿ ಟೇಬಲ್ಲಿನ ಮೇಲಿರುವ ನಿಮ್ಮ ಹಣ ಒಟ್ಟು ಬಂಡವಾಳದ ನೂರಕ್ಕೆ 10ನ್ನು ಮೀರಿದರೆ, ಮುಂದಿನ ಬ್ಲೈಂಡ್, ಅಂದರೆ ಎಲೆ ನೋಡುವ ಮುನ್ನವೇ ಸರದಿಯಂತೆ ಕಟ್ಟಬೇಕಾದ ಕಡ್ಡಾಯ ಪಣ, ನಿಮ್ಮ ಸರದಿಗೆ ಬಂದಾಗ ಎದ್ದು ಹೋಗಬೇಕು.

ಶುರುವಿನ ಹಂತಕ್ಕೆ ಫ್ರೀರೋಲ್‌ಗಳೇ ಗತಿ, ಅಂದರೆ ಪ್ರವೇಶಧನವಿಲ್ಲದೆ ಅಲ್ಪ ಬಹುಮಾನ ಕೊಡುವ ಪಂದ್ಯಾವಳಿಗಳು. ವಿಶ್ವ ಚಾಂಪಿಯನ್ ಆಗಿದ್ದ ಫರ್ಗುಸನ್ನರೇ ಒಂದೆರಡು ಡಾಲರ್ ಗೆಲ್ಲುವುದು, ಕಳೆಯುವುದು, ಮತ್ತೆ ಫ್ರೀರೋಲಿಗೆ ಮರಳುವುದು ಹೀಗೆ ಸುಮಾರು 7 ತಿಂಗಳು ತಿಣುಕಾಡಿದರು. ಆಮೇಲೆ 1 ಡಾಲರ್ ಪಂದ್ಯಾವಳಿಯೊಂದರಲ್ಲಿ ಎರಡನೆಯ ಸ್ಥಾನ ಬಂದು 104 ಡಾಲರ್ ಕೈಸೇರಿದಾಗ ಮೆಟ್ಟಿಲು ಗಟ್ಟಿಯಾಯಿತು. ನಾನಿರುವ ನ್ಯೂಜೆರ್ಸಿಯಲ್ಲಿ 2013ರ ನವೆಂಬರಿನಿಂದ ಪರವಾನಗಿ ಪಡೆದ ಆನ್‌ಲೈನ್ ಪೋಕರ್ ಇದೆ, ಆಗಾಗ ಫ್ರೀರೋಲ್‌ಗಳೂ ನಡೆಯುತ್ತವೆ. ಕಳೆದುಕೊಳ್ಳುವುದು ಏನೂ ಇಲ್ಲದ್ದರಿಂದ ಮೊದಲ ಅರ್ಧ ಗಂಟೆ ಜನ ಯಾವ ಎಲೆ ಬಂದರೂ ಆಲ್-ಇನ್, ಅಂದರೆ ಮುಂದಿರುವುದನ್ನೆಲ್ಲ ಪಣಕ್ಕಿಡುತ್ತೇನೆ, ಎನ್ನುತ್ತಾರೆ. ಆ ಗದ್ದಲದಲ್ಲಿ ಚಾಣಾಕ್ಷತನಕ್ಕೆ ಬೆಲೆಯಿಲ್ಲ. ದೊಡ್ಡ ಜೋಡಿ ಬರುವತನಕ ಎಲೆ ಬಿಟ್ಟು ಕಾಯುವುದೇ ಅಲ್ಲಿನ ವಿದ್ಯೆ. ಬರುವ ಬಹುಮಾನ ಕೆಲವೇ ಸೆಂಟುಗಳಾದರೂ, ತಾಳ್ಮೆಯನ್ನು ಖರ್ಚಿಲ್ಲದೆ ಕಲಿಸುವ ಜಾಗ ಇದೊಂದೇ ಎಂಬ ಕಾರಣಕ್ಕೆ ಈ ಹಂತವನ್ನು ಹಾರಿಸಬಾರದು ಎನ್ನುತ್ತೇನೆ.

ಮೂರನೆಯ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನನ್ನದೇ ಒಂದು ರಾತ್ರಿಯ ಆಟವನ್ನು ಹೇಳುತ್ತೇನೆ. ಆಗ ಬಂಡವಾಳ 46 ಡಾಲರ್ ಇತ್ತು. 1 ಸೆಂಟ್ - 2 ಸೆಂಟ್ ಬ್ಲೈಂಡ್‌ಗಳ ಟೇಬಲ್ಲಿಗೆ 2 ಡಾಲರ್, ಅಂದರೆ ಎರಡು ಬ್ಲೈಂಡ್ ಪಣಗಳಲ್ಲಿ ದೊಡ್ಡದಾದ ಬಿಗ್ ಬ್ಲೈಂಡಿನ ನೂರು ಪಟ್ಟು, ತೆಗೆದುಕೊಂಡು ಕುಳಿತೆ. ನನಗೆ ಏಳರ ಜೋಡಿ ಬಂತು. ಟೇಬಲ್ಲಿನ ಮೇಲೆ ಬಿದ್ದ ಮೊದಲ ಮೂರು ಎಲೆಗಳು ರಾಜ, ಏಳು, ಎರಡು; ಹೀಗೆ ನನಗೆ ಮೂರು ಏಳುಗಳಾದವು. ಎಕ್ಕ-ರಾಜ ಹಿಡಿದಿದ್ದ ಎದುರಾಳಿ ತನ್ನ 2 ಡಾಲರನ್ನೂ ಕೊನೆಯವರೆಗೆ ತಳ್ಳಿದ್ದರಿಂದ ನನ್ನ ಮುಂದೆ 4 ಡಾಲರ್ ಆಯಿತು. ಬಂಡವಾಳ 48ರ ಆಸುಪಾಸು, ಹಾಗಾಗಿ ಇನ್ನೂ ಮಿತಿಯೊಳಗೇ ಇದ್ದೆ. ಸ್ವಲ್ಪ ಹೊತ್ತಿನಲ್ಲಿ ಎಕ್ಕದ ಜೋಡಿ ಬಂದು, ರಾಣಿ ಜೋಡಿಯವರೊಬ್ಬರು 3 ಡಾಲರಿಗೆ ಆಲ್-ಇನ್ ಹೋಗಿ ಸೋತರು. ಈಗ ಟೇಬಲ್ಲಿನ ಮೇಲೆ 7 ಡಾಲರ್, ಒಟ್ಟು ಬಂಡವಾಳ 51; ನೂರಕ್ಕೆ 10 ಎಂದರೆ 5 ಡಾಲರ್ 10 ಸೆಂಟ್. ಬಿಗ್ ಬ್ಲೈಂಡ್ ನನ್ನ ಬಳಿಗೆ ಬರಲು ಇನ್ನೂ ಮೂರು ಕೈಗಳಿದ್ದವು, ಅವನ್ನು ಆಡಿ ಎದ್ದುಬಿಟ್ಟೆ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನನ್ನ ಹೆಂಡತಿ, "ಗೆಲ್ತಾ ಇರುವಾಗಲೇ ಯಾಕ್ರೀ ಏಳೋದು?" ಎಂದು ಕೇಳಿದಳು.

ಆ ಪ್ರಶ್ನೆ ನ್ಯಾಯವಾದದ್ದೇ. ಎದುರಿನ ಕುರ್ಚಿಯಲ್ಲಿ 9 ಡಾಲರ್ ಇಟ್ಟುಕೊಂಡು, ಬಂದ ಪ್ರತಿ ಬೆಟ್ಟಿಗೂ ಕಾಲ್, ಅಂದರೆ ಅಷ್ಟೇ ಹಣ ನಾನೂ ಕಟ್ಟುತ್ತೇನೆ, ಎನ್ನುತ್ತಿದ್ದ ಒಬ್ಬರು ಇನ್ನೂ ಕುಳಿತಿದ್ದರು. ಆದರೆ ನಾನು ಕುಳಿತಾಗ ಪಣಕ್ಕಿಟ್ಟಿದ್ದು ಬಂಡವಾಳದ ಚಿಕ್ಕ ಪಾಲು. ಎರಡು ಕೈಗಳು ಕಳೆದ ಮೇಲೆ, ನನಗೆ ಅರಿವಿಲ್ಲದೆಯೇ, ಏಳರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆಯಷ್ಟು ಹಣ ಒಂದೇ ಕೈಯಲ್ಲಿ ಹೋಗಬಹುದಾದ ಸ್ಥಿತಿ ಬಂದಿತ್ತು. ಎಕ್ಕದ ಜೋಡಿಯೂ ರಾಜನ ಜೋಡಿಯ ಎದುರು ನೂರರಲ್ಲಿ 82 ಸಲದಷ್ಟೇ ಗೆಲ್ಲುತ್ತದೆ. ಗೆದ್ದ ಹಣವನ್ನು "ಟೇಬಲ್ಲಿನದು" ಎಂದುಕೊಳ್ಳುವ ಮನಸ್ಸು ಎಲ್ಲರಲ್ಲೂ ಇರುತ್ತದೆ; ಆ ಹಣ ಬಂಡವಾಳದ್ದೇ ಎಂದು ನೆನಪಿಸುವುದು ಈ ನಿಯಮದ ಕೆಲಸ. ಇಷ್ಟು ಹೇಳಿದ ಮೇಲೆ ಅವಳು ಒಪ್ಪಿದಳು.

ನೂರಕ್ಕೆ 5 ಎಂಬ ಅಂಕಿಯ ಹಿಂದೆಯೂ ಲೆಕ್ಕವಿದೆ. ನೂರು ಕೈಗಳಿಗೆ ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲುವ ಆಟಗಾರ ಸಣ್ಣ ಟೇಬಲ್ಲುಗಳಲ್ಲಿ ಒಳ್ಳೆಯ ಆಟಗಾರನೇ. ಆರು ಜನ ಕೂತು ಆಡುವ, ಪಣಕ್ಕೆ ಮಿತಿಯಿಲ್ಲದ ನೋ-ಲಿಮಿಟ್ ಆಟದಲ್ಲಿ ಅದೃಷ್ಟದ ಏರಿಳಿತ ನೂರು ಕೈಗಳಿಗೆ ಸುಮಾರು 90 ಬಿಗ್ ಬ್ಲೈಂಡ್‌ನಷ್ಟಿರುತ್ತದೆ ಎಂದು ಹಿಡಿಯೋಣ. ಹಾಗಿದ್ದರೆ 10,000 ಕೈಗಳನ್ನು ಆಡಿದ ಮೇಲೂ ಅಂಥ ಹತ್ತು ಆಟಗಾರರಲ್ಲಿ ಸುಮಾರು ಮೂವರು ನಷ್ಟದಲ್ಲೇ ಇರುತ್ತಾರೆ. ಅವರು ಕೆಟ್ಟದಾಗಿ ಆಡಿದ್ದಾರೆ ಎಂದಲ್ಲ. ಎಲೆಗಳ ಗತಿಯೇ ಹಾಗೆ. ಬೈ-ಇನ್ ಎಂದರೆ ಟೇಬಲ್ಲಿಗೆ ಒಮ್ಮೆ ಒಯ್ಯುವ ಹಣ, ಇಲ್ಲಿ ನೂರು ಬಿಗ್ ಬ್ಲೈಂಡ್. ಇದೇ ಆಟಗಾರ ಕೇವಲ ಐದು ಬೈ-ಇನ್‌ಗಳ ಬಂಡವಾಳದೊಂದಿಗೆ ಕುಳಿತು ಎಂದೂ ಕೆಳಗಿನ ಟೇಬಲ್ಲಿಗೆ ಇಳಿಯದೆ ಆಡುತ್ತಾ ಹೋದರೆ, ಪೂರ್ತಿ ಕೈ ಬರಿದಾಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಹತ್ತು ಬೈ-ಇನ್ ಇದ್ದರೆ ಅದು ನೂರಕ್ಕೆ 29ಕ್ಕೆ ಇಳಿಯುತ್ತದೆ. ಇಪ್ಪತ್ತು ಇದ್ದರೆ, ಅಂದರೆ ಫರ್ಗುಸನ್ನರ ನೂರಕ್ಕೆ 5ರ ನಿಯಮದಂತೆ ನಡೆದರೆ, ನೂರಕ್ಕೆ 8 ಅಥವಾ 9ಕ್ಕೆ. ನಲವತ್ತು ಇದ್ದರೆ ನೂರಕ್ಕೆ ಒಂದಕ್ಕೂ ಕಡಿಮೆ. ಗೆಲ್ಲುವ ಆಟಗಾರನೇ ಐದು ಬೈ-ಇನ್ ಇಟ್ಟುಕೊಂಡು ಮುಳುಗುವುದು ಹೆಚ್ಚು ಸಂಭವನೀಯ ಎಂಬ ಈ ಲೆಕ್ಕವನ್ನು ನಾನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ, ಆಟದ ತಂತ್ರಕ್ಕಿಂತ ಮೊದಲು ಕಲಿಯಬೇಕಾದದ್ದು ಇದನ್ನೇ ಎಂದು ನನಗೆ ಖಚಿತವಾಯಿತು.

ಇಳಿಯುವುದೂ ಸೇರಿದರೆ ಈ ಅಪಾಯ ಇನ್ನಷ್ಟು ಕುಗ್ಗುತ್ತದೆ. ನೂರಕ್ಕೆ 5 ಎಂಬ ನಿಯಮ ಹತ್ತುವುದಕ್ಕೆ ಹೇಗೆ ಅನುಮತಿ ಕೊಡುತ್ತದೆಯೋ ಹಾಗೆಯೇ ಇಳಿಯಬೇಕೆಂದು ಆಜ್ಞೆಯನ್ನೂ ಕೊಡುತ್ತದೆ. 2 ಸೆಂಟ್ - 5 ಸೆಂಟ್ ಟೇಬಲ್ಲಿಗೆ ಬೈ-ಇನ್ 5 ಡಾಲರ್, ಅದಕ್ಕೆ 100 ಡಾಲರ್ ಬಂಡವಾಳ ಬೇಕು. 99 ಆದ ಕ್ಷಣ ಹಿಂದಿನ ಟೇಬಲ್ಲಿಗೆ ಹೋಗಬೇಕು. ಕಷ್ಟವಾಗುವುದು ಇಲ್ಲೇ. ದೊಡ್ಡ ಪಾಟ್‌ಗಳ ರುಚಿ ಕಂಡ ಮೇಲೆ ಕೆಳಗಿನ ಟೇಬಲ್ಲು ನೀರಸವೆನಿಸುತ್ತದೆ, ನಾಲ್ಕಾಣೆ ಹೋದರೇನು ಎಂಬ ಅಸಡ್ಡೆಯಲ್ಲಿ ಕೆಟ್ಟ ಎಲೆಗಳಿಗೂ ಕಾಲ್ ಎನ್ನುವಂತಾಗುತ್ತದೆ, ಮತ್ತು ಸೋತ ಹಣವನ್ನು ಒಂದೇ ಏಟಿಗೆ ಮರಳಿ ಪಡೆಯಲು ಮೇಲಿನ ಟೇಬಲ್ಲಿಗೆ ಹಾರುವ ಆಸೆ ಹುಟ್ಟುತ್ತದೆ. ಸಾವಿರಾರು ಡಾಲರುಗಳ ಆಟಕ್ಕೆ ಒಗ್ಗಿದ್ದ ಫರ್ಗುಸನ್ನರೂ ಮೇಲೇರಿ, ಸೋತು, ಮತ್ತೆ ಸೆಂಟುಗಳ ಟೇಬಲ್ಲಿಗೆ ಬಂದು ಕುಳಿತರು. ಅವರ ಪ್ರಯೋಗದಲ್ಲಿ ನಾನು ಬಹಳವಾಗಿ ಗೌರವಿಸುವುದು ಹತ್ತು ಸಾವಿರದ ಅಂಕಿಯನ್ನಲ್ಲ, ಈ ಮರಳುವಿಕೆಯನ್ನು.

ಕೌಶಲ ಮಾತ್ರ ಸಾಕಾಗಿದ್ದರೆ ಸ್ಟೂ ಅಂಗರ್ ಅವರ ಕೊನೆ ಬೇರೆಯಾಗಿರುತ್ತಿತ್ತು. 1980, 1981 ಮತ್ತು 1997ರಲ್ಲಿ ಮುಖ್ಯ ಪಂದ್ಯಾವಳಿಯನ್ನು ಗೆದ್ದ ಅವರನ್ನು ಮೀರಿದ ಪ್ರತಿಭೆಯನ್ನು ಹಲವರು ಕಂಡೇ ಇಲ್ಲ ಎನ್ನುತ್ತಾರೆ. ಆದರೂ 1997ರಲ್ಲಿ ಪ್ರವೇಶಧನವನ್ನು ಅವರ ಪರವಾಗಿ ಬೇರೊಬ್ಬರು ಕಟ್ಟಬೇಕಾಯಿತು, ಮರುವರ್ಷ ನವೆಂಬರಿನಲ್ಲಿ ಲಾಸ್ ವೇಗಸ್ಸಿನ ಸಾಧಾರಣ ಮೋಟೆಲ್ಲೊಂದರಲ್ಲಿ 45ನೇ ವಯಸ್ಸಿಗೇ ತೀರಿಕೊಂಡಾಗ ಅವರ ಗಂಟು ಕರಗಿಹೋಗಿತ್ತು. ಮಾದಕ ವ್ಯಸನವೂ ಅದಕ್ಕೆ ಕಾರಣ, ಎಲ್ಲವನ್ನೂ ಕುದುರೆ ಜೂಜು ಮತ್ತು ಕ್ರೀಡಾ ಬೆಟ್ಟಿಂಗಿಗೆ ಸುರಿದದ್ದೂ ಕಾರಣ. ಪೋಕರಿನಲ್ಲಿ ಗಳಿಸಿದ ಬಂಡವಾಳವನ್ನು ಬೇರೆ ಯಾವ ಆಟಕ್ಕೂ ಮುಟ್ಟಬಾರದೆಂಬ ನಿಯಮವನ್ನು ನಾನು ಸೇರಿಸಿಕೊಂಡದ್ದು ಅವರ ಬದುಕನ್ನು ಓದಿದ ಮೇಲೆ.

ಆಟದ ಹಣ ಬೇರೆ, ಮನೆಯ ಹಣ ಬೇರೆ ಎಂಬ ಗೆರೆಯನ್ನು ಆಟಗಾರನಷ್ಟೇ ಅಲ್ಲ, ಕಂಪನಿಯೂ ಎಳೆದುಕೊಳ್ಳಬೇಕು. ಫರ್ಗುಸನ್ ಪ್ರಯೋಗ ಮಾಡಿದ ತಾಣ ಫುಲ್ ಟಿಲ್ಟ್ ಪೋಕರ್; ಅದರ ನಿರ್ದೇಶಕ ಮಂಡಳಿಯಲ್ಲಿ ಅವರೂ ಇದ್ದರು. 2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯ ಇಲಾಖೆ ದೊಡ್ಡ ತಾಣಗಳನ್ನು ಅಮೆರಿಕದ ಆಟಗಾರರ ಪಾಲಿಗೆ ಮುಚ್ಚಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಲಾಖೆ ಹೇಳಿದಂತೆ, ಫುಲ್ ಟಿಲ್ಟ್ ಜಗತ್ತಿನ ಆಟಗಾರರಿಗೆ ಸುಮಾರು 39 ಕೋಟಿ ಡಾಲರ್ ಕೊಡಬೇಕಿದ್ದಾಗ ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ ಮಾತ್ರ. ಅಮೆರಿಕದ ಆಟಗಾರರಿಗೆ ಹಣ ಮರಳತೊಡಗಿದ್ದು 2014ರಲ್ಲಿ. ಸೆಂಟು ಸೆಂಟಾಗಿ ಕೂಡಿಸಿದವರ ಬಂಡವಾಳ ಅಷ್ಟು ವರ್ಷ ಸಿಕ್ಕಿಬಿದ್ದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ. ಆಟಗಾರರ ಠೇವಣಿಯನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂದು ನ್ಯೂಜೆರ್ಸಿಯ ನಿಯಮಾವಳಿ ಕಟ್ಟುನಿಟ್ಟಾಗಿ ಹೇಳುವುದರಿಂದಲೇ ನಾನು ಪರವಾನಗಿ ಇಲ್ಲದ ತಾಣಗಳ ಹೊಸ್ತಿಲು ತುಳಿಯುವುದಿಲ್ಲ.

ಕರ್ನಾಟಕದಲ್ಲಿರುವ ಗೆಳೆಯರು ಈ ದಾರಿಯನ್ನು ಅಲ್ಲಿಯೂ ಹಿಡಿಯಬಹುದೇ ಎಂದು ಕೇಳುತ್ತಾರೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತ್ತು. ಆದರೆ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಆದ್ದರಿಂದ ನನ್ನ ಉತ್ತರ ಇಷ್ಟೇ: ಹಣವಿಲ್ಲದ ಟೇಬಲ್ಲುಗಳಲ್ಲಿ, ಇದೇ ಮಿತಿಗಳನ್ನು ಕಾಗದದ ಮೇಲೆ ಪಾಲಿಸಿ ಅಭ್ಯಾಸ ಮಾಡಿ, ವಿದೇಶಿ ತಾಣಗಳ ಕಳ್ಳದಾರಿ ಬೇಡ.

ಇನ್ನು ಸಮಯದ ಮಾತು. 2 ಸೆಂಟಿನ ಬಿಗ್ ಬ್ಲೈಂಡ್ ಇರುವ ಟೇಬಲ್ಲಿನಲ್ಲಿ ಮೇಲೆ ಹೇಳಿದ ಒಳ್ಳೆಯ ಆಟಗಾರನ ಗಳಿಕೆ ನೂರು ಕೈಗಳಿಗೆ 10 ಸೆಂಟ್. 40 ಡಾಲರನ್ನು 100 ಮಾಡಲು ಅವನು 60,000 ಕೈಗಳನ್ನು ಆಡಬೇಕು. ನಾಲ್ಕು ಟೇಬಲ್ಲುಗಳನ್ನು ಒಟ್ಟಿಗೆ ತೆರೆದು ಗಂಟೆಗೆ 300 ಕೈ ಆಡಿದರೂ 200 ಗಂಟೆ. ಸಂಪಾದನೆಗೆಂದು ಬರುವವರು ಈ ಅಂಕಿಯನ್ನು ನೋಡಿ ಹಿಂದಿರುಗುವುದು ಒಳ್ಳೆಯದು. ನಾನಂತೂ ಆ ಗಂಟೆಗಳನ್ನು ಕಲಿಕೆಯ ಶುಲ್ಕವಿಲ್ಲದ ತರಗತಿಯೆಂದೇ ಪರಿಗಣಿಸಿದ್ದೇನೆ. ಆಡಿದ ಪ್ರತಿ ಸಂಜೆಯೂ ಟೇಬಲ್ಲಿನ ಹಂತ, ಒಯ್ದ ಹಣ, ತಂದ ಹಣ ಮತ್ತು ಮರುದಿನ ಪರಿಶೀಲಿಸಬೇಕಾದ ಒಂದು ಕೈ, ಇಷ್ಟನ್ನು ಪುಸ್ತಕದಲ್ಲಿ ಬರೆಯುತ್ತೇನೆ. ಬಂಡವಾಳ ಈಗ 100ನ್ನು ತುಸು ದಾಟಿದೆ, 2 ಸೆಂಟ್ - 5 ಸೆಂಟ್ ಟೇಬಲ್ಲಿನಲ್ಲಿ ಆಡುತ್ತಿದ್ದೇನೆ. 200 ಆದರೆ 5 ಸೆಂಟ್ - 10 ಸೆಂಟ್; 100ಕ್ಕಿಂತ ಕೆಳಗಿಳಿದರೆ ಅದೇ ಸಂಜೆ ಹಿಂದಿನ ಟೇಬಲ್.