ಮನೆಯಲ್ಲಿ ತುಳು ಮಾತಾಡಿದರೆ ಮಗುವಿನ ಕನ್ನಡ ಹಾಳಾಗುತ್ತದಾ?

"ಮನೆಯಲ್ಲಿ ನಾವು ತುಳುವೇ ಮಾತಾಡುವುದು ಟೀಚರೇ, ಅದಕ್ಕೇ ಇವನ ಕನ್ನಡ ಹಾಳು. ಇನ್ನು ಮನೆಯಲ್ಲೂ ಕನ್ನಡವೇ ಮಾತಾಡಬೇಕಾ?" ಆರು, ಏಳನೇ ತರಗತಿಯ ಮಕ್ಕಳ ತಂದೆತಾಯಿ ಕೇಳುವ ಪ್ರಶ್ನೆ ಇದು. ಮಂಗಳೂರು ಪೇಟೆಯಲ್ಲಿ ತುಳುವಿನ ಜಾಗಕ್ಕೆ ಕೊಂಕಣಿಯೋ ಬ್ಯಾರಿಯೋ ಬರುತ್ತದೆ, ಪ್ರಶ್ನೆ ಅದೇ.

ಬೇಡ. ತುಳು ಬಿಡಬೇಡಿ. ಮಗುವಿನ ಎದುರು ಆ "ಹಾಳು" ಎಂಬ ಶಬ್ದವನ್ನೂ ಆಡಬೇಡಿ, ಕೇಳಿದ ಮಗು ಬಾಯಿ ಬಿಡಲು ಹೆದರುತ್ತದೆ. ಬಂಟ್ವಾಳದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಮಂಜೇಶ್ವರದ ಗೋವಿಂದ ಪೈಗಳದ್ದೂ ಕೊಂಕಣಿ. ಇಬ್ಬರೂ ಕನ್ನಡದ ದೊಡ್ಡ ಕವಿಗಳು.

ಬರಹದ ಪುಸ್ತಕ ತೆರೆದು ನೋಡಿ. ಕೆಂಪು ಗೆರೆ ಬಿದ್ದಿರುವುದು ಎಲ್ಲಿ? "ಬಾಷೆ", "ಅದ್ಯಾಪಕ", "ವಿದ್ಯಾರ್ತಿ". ಮಹಾಪ್ರಾಣ ಬರುವುದು ಹೆಚ್ಚಾಗಿ ಸಂಸ್ಕೃತದಿಂದ ಬಂದ ಶಬ್ದಗಳಲ್ಲಿ, ಆಡುಮಾತಿನಲ್ಲಿ ಅದು ಎಲ್ಲ ಕಡೆಯೂ ಸಡಿಲ. ಮೈಸೂರಿನ ಕಡೆ ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳೂ "ಬಾಷೆ" ಎಂದು ಬರೆಯುತ್ತಾರೆ. ಇದರಲ್ಲಿ ತುಳುವಿನ ತಪ್ಪೇನು?

ತಪ್ಪು ಇರುವುದು "ಹತ್ತು ಸಲ ಬರೆದುಕೊಂಡು ಬಾ" ಎನ್ನುವುದರಲ್ಲಿ. ಮಗು ಮೊದಲ ಸಾಲನ್ನು ಬೋರ್ಡ್ ನೋಡಿ ಬರೆಯುತ್ತದೆ, ಎರಡನೆಯದರಿಂದ ತನ್ನದೇ ಮೇಲಿನ ಸಾಲು ನೋಡಿ. ಎರಡನೆಯ ಸಾಲಿನಲ್ಲಿ ಅಕ್ಷರದ ಹೊಟ್ಟೆ ಸೀಳುವುದು ಬಿಟ್ಟುಹೋದರೆ ಒಂಬತ್ತು ಸಲ ತಪ್ಪನ್ನೇ ಅಭ್ಯಾಸ ಮಾಡಿದ ಹಾಗೆ. ಇನ್ನು ಕೆಲವರು ಮೇಲಿನಿಂದ ಕೆಳಗೆ ಹತ್ತು "ವಿ", ಪಕ್ಕದಲ್ಲಿ ಹತ್ತು "ದ್ಯಾ", ಆಮೇಲೆ ಹತ್ತು "ರ್ಥಿ" ಹಾಕಿ ಮುಗಿಸುತ್ತಾರೆ. ಅಲ್ಲಿ ಶಬ್ದವನ್ನು ಒಮ್ಮೆಯೂ ಬರೆದಂತಾಗುವುದಿಲ್ಲ.

ದಿನಕ್ಕೆ ಐದೇ ಶಬ್ದ ಸಾಕು. ಮೊದಲು ಬಿಡಿಸಬೇಕು: ವಿದ್ಯಾ + ಅರ್ಥಿ. "ಅರ್ಥ"ದ "ಥ" ಗೊತ್ತಿರುವ ಮಗು "ವಿದ್ಯಾರ್ಥಿ"ಯಲ್ಲಿ ತಪ್ಪುವುದು ಕಡಿಮೆ, ಸವರ್ಣದೀರ್ಘ ಸಂಧಿಯೂ ಅಲ್ಲೇ ಆಯಿತು. ಆಮೇಲೆ ನೋಡಿ, ಗಟ್ಟಿಯಾಗಿ ಓದಿ, ಮುಚ್ಚಿ, ಬರೆದು, ತೆರೆದು ತಾಳೆ ನೋಡಬೇಕು. ಮರುದಿನ ಒಮ್ಮೆ, ವಾರ ಕಳೆದು ಇನ್ನೊಮ್ಮೆ. ಉಕ್ತಲೇಖನವನ್ನು ಇಡೀ ವಾಕ್ಯದಲ್ಲಿ, ಮಾತಾಡುವ ಹಾಗೇ ಹೇಳಿ. "ಭ್‌ಹಾಷೆ" ಎಂದು ಒತ್ತಿ ಹೇಳಿದರೆ ಮಗು ಕಿವಿಯಿಂದ ಬರೆಯುತ್ತದೆ, ಪರೀಕ್ಷೆಯಲ್ಲಿ ಒಬ್ಬನೇ ಕೂತಾಗ ಕೈ ನಿಲ್ಲುತ್ತದೆ.

ತುಳುವಿನಿಂದಲೇ ಬರುವುದು ಇಲ್ಲವೆಂದಲ್ಲ. "ನಾನು ಅವನಲ್ಲಿ ಹೇಳಿದೆ" ಎಂದು ಬರೆಯುವುದು "ಯಾನ್ ಆಯಡ ಪಂಡೆ" ಎಂಬುದರ ನೆರಳು. ಎರಡನ್ನೂ ಬೋರ್ಡಿನಲ್ಲಿ ಅಕ್ಕಪಕ್ಕ ಬರೆದು, ಪುಸ್ತಕದ ಕನ್ನಡದಲ್ಲಿ ಇಲ್ಲಿ "ಅವನಿಗೆ" ಬರುತ್ತದೆ ಎಂದು ತೋರಿಸಿದರೆ ಮಕ್ಕಳಿಗೆ ತಿಳಿಯುತ್ತದೆ. ಒಂದು ಪೀರಿಯಡ್‌ನ ಕೆಲಸ, ಅದಕ್ಕೆ ಮನೆಯ ಭಾಷೆ ಬದಲಾಯಿಸುವುದಾ?

ತುಳು ಬರುವ ಮಗುವಿಗೆ ಕನ್ನಡದಲ್ಲಿ ಯಾವುದು ಸುಲಭ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು. ಹಳಗನ್ನಡ ಸುಲಭ! ಹತ್ತನೇ ಶತಮಾನದ ಪಂಪನ ಕನ್ನಡದಲ್ಲಿ ಹಕ್ಕಿ "ಪಕ್ಕಿ", ಹೊಸತು "ಪೊಸತು", ಹುಲಿ "ಪುಲಿ". ಬೇರೆ ಕಡೆಯ ಮಕ್ಕಳು ಅರ್ಥಕೋಶ ನೋಡಿ ಬಾಯಿಪಾಠ ಮಾಡಬೇಕಾದ ಶಬ್ದಗಳು ಇವು. ನವರಾತ್ರಿಗೆ ಪಿಲಿವೇಷ, ಅಂದರೆ ಹುಲಿವೇಷ, ನೋಡಿದ ಮಗುವಿಗೆ "ಪುಲಿ" ಯಾವುದೆಂದು ಹೇಳಿಕೊಡಬೇಕಾ?

ಬೋರ್ಡಿನಲ್ಲಿ ಮೂರು ಕಲಂ ಹಾಕಬೇಕು: ತುಳು, ಹಳಗನ್ನಡ, ಈಗಿನ ಕನ್ನಡ. ಪಕ್ಕಿ, ಪಕ್ಕಿ, ಹಕ್ಕಿ. ಪತ್ತ್, ಪತ್ತು, ಹತ್ತು. ಪೂ, ಪೂ, ಹೂ. ಮೊದಲ ಕಲಂ ಮಕ್ಕಳೇ ತುಂಬಬೇಕು. ಆರೇಳು ಶಬ್ದ ಆಗುವಷ್ಟರಲ್ಲಿ ಪಕಾರ ಹಕಾರವಾಗಿದೆ ಎಂದು ಅವರೇ ಕಂಡುಹಿಡಿಯುತ್ತಾರೆ, ಟೀಚರ್ ಅವಸರಪಟ್ಟು ಮೊದಲೇ ಹೇಳಬಾರದು. ಆಗ ಒಬ್ಬರಾದರೂ "ಪುಸ್ತಕ ಯಾಕೆ ಹುಸ್ತಕ ಆಗಲಿಲ್ಲ?" ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದು ಸಂಸ್ಕೃತದಿಂದ ಬಂದದ್ದು, ಈ ಬದಲಾವಣೆ ಕನ್ನಡದ ಸ್ವಂತ ಶಬ್ದಗಳದ್ದು. ಹಾಲನ್ನು ಮಾತ್ರ ಈ ಪಟ್ಟಿಗೆ ಎಳೆಯಬೇಡಿ, ತುಳುವಿನ "ಪೇರ್" ಮತ್ತು ಹಳಗನ್ನಡದ "ಪಾಲ್" ಹಾಗೆ ಹೊಂದುವುದಿಲ್ಲ.

ಈ ಪಾಠದ ಮನೆಕೆಲಸ: ಅಜ್ಜಿಯನ್ನು ಕೇಳಿ "ಪ"ದಿಂದ ಶುರುವಾಗುವ ಐದು ತುಳು ಶಬ್ದ ತರುವುದು. ಮಗು ಸಂಜೆ ಬಂದು "ಹುಳುವಿಗೆ ತುಳುವಿನಲ್ಲಿ ಎಂತ ಹೇಳುವುದು?" ಎಂದು ಕೇಳಿದರೆ "ಪುರಿ" ಎಂದು ಹೇಳಿಕೊಡಿ.