ಗುಮ್ಮಟದ ಹಿಂದೆ ಚಂದ್ರ

ವಿಜಯಪುರದ ಪೂರ್ವಕ್ಕೆ ನಮ್ಮ ಹೊಲ. ಕಡಲೆ ಕಿತ್ತು ಬಯಲಾದ ಮೇಲೆ ಅಲ್ಲಿ ನಿಂತರೆ ಪಡುವಣಕ್ಕೆ ಗೋಳಗುಮ್ಮಟ ಬೋರಲು ಹಾಕಿದ ಬೋಗುಣಿಯಂತೆ ಕಾಣುತ್ತದೆ. ಪಿಯುಸಿ ಮೊದಲ ವರ್ಷ ಓದುತ್ತಿರುವ ಅಕ್ಕನ ಮಗಳು ಅವತ್ತು ಸೀತನಿ, ಅಂದರೆ ಸುಟ್ಟ ಎಳೆ ಜೋಳದ ತೆನೆ, ತಿನ್ನಲು ಬಂದಿದ್ದಳು. ಬೈಕಿನ ಹಿಂದೆ ಕೂತು ಬರುವಾಗಲೇ ಕೇಳಿದಳು: "ಮಾಮಾ, ಜಾಲಿಗಿಡ ಹಿಂದಕ್ಕ ಓಡ್ತಾವ, ಗುಮ್ಮಟ ಮಾತ್ರ ನಮ್ಮ ಜೋಡೀನ ಬರ್ತೈತಿ. ಪುಸ್ತಕದಾಗ ಪ್ಯಾರಲಾಕ್ಸ್ ಅಂತಾರಲ್ಲ, ಇದಾ ಏನು?"

ಅದೇ. ನಾವು ಜಾಗ ಬದಲಿಸಿದರೆ ಹತ್ತಿರದ್ದು ಹೆಚ್ಚು ಸರಿದಂತೆ, ದೂರದ್ದು ಕಡಿಮೆ ಸರಿದಂತೆ ಕಾಣುತ್ತದೆ. ಎಷ್ಟು ಸರಿಯಿತೆಂದು ಅಳೆದರೆ ಎಷ್ಟು ದೂರವೆಂದು ಗೊತ್ತಾಗುತ್ತದೆ. ಸೂರ್ಯಗ್ರಹಣದ ಲೆಕ್ಕ ಹಾಕಲು ನಮ್ಮ ಹಳೆಯ ಜ್ಯೋತಿಷಿಗಳು ಇದನ್ನೇ ಲಂಬನ ಎನ್ನುತ್ತಿದ್ದರು. ಗುಮ್ಮಟದ ತನಕ ಹೋಗದೆಯೇ ಅದರ ದೂರ ಅಳೆಯಬೇಕೆಂದು ಇಬ್ಬರೂ ಹಟ ಹಿಡಿದೆವು.

ಬಾವಿಯ ಹಗ್ಗ 25 ಮೀಟರ್. ಅದನ್ನು ನಾಲ್ಕು ಸಲ ಹಾಸಿ, ಗುಮ್ಮಟಕ್ಕೆ ಅಡ್ಡಲಾಗಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ಗೂಟ ಬಡಿದೆವು. ಉತ್ತರದ ಗೂಟದ ಬಳಿ ನಿಂತರೆ ಗುಮ್ಮಟದ ತುದಿಯ ಹಿಂದೆಯೇ, ದೂರದ ದಿಬ್ಬದ ಮೇಲೆ, ಒಂದು ಮೊಬೈಲ್ ಟವರ್. ದಕ್ಷಿಣದ ಗೂಟಕ್ಕೆ ಬಂದರೆ ಟವರ್ ಎಡಕ್ಕೆ ಸರಿದಿತ್ತು. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿ ಸ್ಕೇಲ್ ಹಿಡಿದು ಅಳೆದರೆ ಆ ಅಂತರ ಒಂದು ಸೆಂ.ಮೀ. ಒಂದಕ್ಕೆ ಅರವತ್ತಾದರೆ 100 ಮೀಟರಿಗೆ 6,000 ಮೀಟರ್. ಖುಷಿಯಿಂದ ಮೊಬೈಲ್ ಮ್ಯಾಪಿನಲ್ಲಿ ನೇರ ಗೆರೆ ಎಳೆದು ನೋಡಿದೆ: 4.1 ಕಿ.ಮೀ.

ಕೈ ಅಲುಗಿರಬೇಕೆಂದು ಮತ್ತೆ ಮೂರು ಸಲ ಅಳೆದೆವು. ಮತ್ತೆ ಅದೇ ಒಂದು ಸೆಂ.ಮೀ. ಸುಟ್ಟ ತೆನೆ ಆರುತ್ತಿತ್ತು, ಅವಳು ಕೈಗೆತ್ತಿಕೊಂಡಿದ್ದನ್ನೂ ತಿನ್ನದೆ ಟವರನ್ನೇ ದಿಟ್ಟಿಸುತ್ತಿದ್ದಳು. "ಮಾಮಾ, ಟವರೂ ನೆಲದ ಮ್ಯಾಲಿಂದs ಐತಲ್ಲ. ನಾವು ಸರದಾಗ ಅದೂ ಸರದಿರ್ತೈತಿ!"

ನನಗೆ ಮೈ ಜುಮ್ಮೆಂದಿತು. ಟವರ್ ಇದ್ದದ್ದು ಸುಮಾರು 12 ಕಿ.ಮೀ. ದೂರ, ಗುಮ್ಮಟಕ್ಕಿಂತ ಮೂರು ಪಟ್ಟು. ಗುಮ್ಮಟ ಮೂರು ಪಾಲು ಸರಿದರೆ ಟವರೂ ಒಂದು ಪಾಲು ಸರಿಯುತ್ತದೆ. ನಮ್ಮ ಸ್ಕೇಲಿಗೆ ಸಿಕ್ಕಿದ್ದು ಉಳಿದ ಎರಡೇ ಪಾಲು. ಅದಕ್ಕೇ ಗುಮ್ಮಟ ಇದ್ದುದಕ್ಕಿಂತ ದೂರ ಹೋಗಿ ಕೂತಿತ್ತು. ಮುಂದಿನ ವಸ್ತುವಿನ ಮೇಲಷ್ಟೇ ನಮ್ಮ ಗಮನವಿತ್ತು, ಹಿಂದೆ ನಿಂತಿರುವುದು ನಿಜಕ್ಕೂ ನಿಂತಿದೆಯೇ ಎಂದು ಕೇಳಿಕೊಂಡಿರಲಿಲ್ಲ.

ಅಂದು ಭಾರತ ಹುಣ್ಣಿಮೆ. ಹೊಲದಲ್ಲೇ ಉಳಿದೆವು. ಬೆಳಗಿನ ಜಾವ ಚಂದ್ರ ಕೆಂಪಗಾಗಿ ಗುಮ್ಮಟದ ಕಡೆಗೆ ಇಳಿಯುತ್ತಿದ್ದ. 3,84,000 ಕಿ.ಮೀ. ಆಚೆ ಇರುವವನು ನಮ್ಮ ನೂರು ಮೀಟರಿಗೆ ಕದಲುವವನಲ್ಲ. ಆದರೆ ಆಕಾಶದಲ್ಲಿ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಜಾರುತ್ತಾನೆ, ಹಾಗಾಗಿ ಎರಡೂ ಕಡೆಯಿಂದ ಒಂದೇ ಗಳಿಗೆಯಲ್ಲಿ ಫೋಟೊ ಆಗಬೇಕು. 1672ರಲ್ಲಿ ಖಗೋಳ ವಿಜ್ಞಾನಿಗಳಾದ ಕ್ಯಾಸಿನಿ ಪ್ಯಾರಿಸ್‌ನಲ್ಲಿ, ರಿಶೇ ದಕ್ಷಿಣ ಅಮೆರಿಕದ ಕಯೆನ್‌ನಲ್ಲಿ ನಿಂತು ಮಂಗಳನ ದೂರ ಅಳೆದದ್ದೂ ಹೀಗೆಯೇ. ನಾವು ಅಕ್ಕನ ಫೋನ್‌ನಿಂದ ಮಾತಾಡುತ್ತ ಒಂದು, ಎರಡು, ಮೂರು ಎಣಿಸಿ ಗುಂಡಿ ಒತ್ತಿದೆವು.

ಉತ್ತರದಿಂದ ಅವಳು ತೆಗೆದ ಚಿತ್ರದಲ್ಲಿ ಚಂದ್ರ ಗುಮ್ಮಟದ ತುದಿಯ ಬಲಕ್ಕೆ, ತನ್ನ ಅಗಲದ ಒಂದೂವರೆ ಪಟ್ಟು ದೂರ. ನನ್ನದರಲ್ಲಿ ಎಡಕ್ಕೆ 1.2 ಪಟ್ಟು. ಎರಡು ಫೋನುಗಳ ಜೂಮ್ ಬೇರೆಯಾದರೂ ತೊಂದರೆಯಿಲ್ಲ, ಎರಡರಲ್ಲೂ ಚಂದ್ರನೇ ಅಳತೆಗೋಲು. ಒಟ್ಟು 2.7 ಚಂದ್ರ. 100 ಮೀಟರನ್ನು 2.7ರಿಂದ ಭಾಗಿಸಿದರೆ ಒಂದು ಚಂದ್ರನಿಗೆ 37 ಮೀಟರ್. ಚಂದ್ರ ಇರುವುದು ತನ್ನ ಅಗಲದ ಸುಮಾರು 110 ಪಟ್ಟು ದೂರ; ಅವನಷ್ಟೇ ಅಗಲವಾಗಿ ಕಾಣುವುದೆಲ್ಲ ತನ್ನ ಅಗಲದ ಅಷ್ಟೇ ಪಟ್ಟು ದೂರವಿರುತ್ತದೆ. 37ನ್ನು 110ರಿಂದ ಗುಣಿಸಿದಳು: 4,070 ಮೀಟರ್! ಆಮೇಲೆ ತಾನೇ ಇನ್ನೊಂದು ಗುರುತಿಸಿದಳು. ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್, ಚಿತ್ರದಲ್ಲಿ ಚಂದ್ರ ಅದಕ್ಕಿಂತ ತುಸು ಚಿಕ್ಕದಾಗಿಯೇ ಕಂಡಿದ್ದ.

1838ರಲ್ಲಿ ಬೆಸೆಲ್ ಎಂಬ ಖಗೋಳ ವಿಜ್ಞಾನಿ ಮೊದಲ ಬಾರಿಗೆ ಒಂದು ನಕ್ಷತ್ರದ, 61 ಸಿಗ್ನಿಯ, ದೂರವನ್ನು ನಂಬುವಂತೆ ಅಳೆದದ್ದನ್ನು ಚಹಾ ಕುಡಿಯುತ್ತ ಅವಳಿಗೆ ಹೇಳಿದೆ. ಅವನ ಗೂಟಗಳು ಭೂಮಿಯ ಕಕ್ಷೆಯ ಎರಡು ತುದಿಗಳು, 30 ಕೋಟಿ ಕಿ.ಮೀ. ಅಂತರದವು. ಅವನ ಟವರ್ ಎಂದರೆ ಪಕ್ಕದಲ್ಲೇ ಕಾಣುತ್ತಿದ್ದ ಎರಡು ಮಂಕು ಚುಕ್ಕಿ. ಅಷ್ಟಾದರೂ ಆರು ತಿಂಗಳಲ್ಲಿ ಆ ನಕ್ಷತ್ರ ಸರಿಯುವುದು ಚಂದ್ರನ ಅಗಲದ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು.

"ಹಂಗಾರ ಚಂದ್ರಾಮನ್ನs ಅಳೀಬೇಕಂದ್ರ?"

"ಹಿಂದ ಚುಕ್ಕಿ ಬೇಕವಾ. ಹಗ್ಗ ಮಾತ್ರ ಭಾಳ ಉದ್ದ ಬೇಕು."

ಅವಳ ಅಣ್ಣ ದೆಹಲಿಯಲ್ಲಿ ಕೆಲಸಕ್ಕಿದ್ದಾನೆ, ಇಲ್ಲಿಂದ ನೇರಕ್ಕೆ ಸುಮಾರು 1,300 ಕಿ.ಮೀ. ಚುಕ್ಕಿಗಳ ನಡುವೆ ಚಂದ್ರ ತನ್ನ ಅಗಲದ ಮೂರರಲ್ಲಿ ಒಂದು ಪಾಲು ಸರಿದು ಕಾಣಲು ಅಷ್ಟು ಸಾಕು. ಹೊತ್ತು ಇನ್ನೂ ಏಳಾಗಿರಲಿಲ್ಲ. ಮಲಗಿದ್ದವನನ್ನು ಫೋನ್ ಮಾಡಿ ಎಬ್ಬಿಸಿ, ಚಂದ್ರ ದೊಡ್ಡದೊಂದು ಚುಕ್ಕಿಯ ಪಕ್ಕ ಬರುವ ರಾತ್ರಿ ಮಾಳಿಗೆ ಹತ್ತಬೇಕೆಂದು ಅವನಿಂದ ಮಾತು ತೆಗೆದುಕೊಂಡಳು.