ಬೈಲಕುಪ್ಪೆಗೆ ಹೋದರೆ ಸಂಜೆಯವರೆಗೆ ಇರಿ

ಕೊಡಗಿನ ಪ್ರವಾಸ ಹೊರಟವರ ಪಟ್ಟಿಯಲ್ಲಿ ಬೈಲಕುಪ್ಪೆಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ದುಬಾರೆಯ ಆನೆ, ಕಾವೇರಿ ನಿಸರ್ಗಧಾಮ, ನಡುವೆ ‘ಗೋಲ್ಡನ್ ಟೆಂಪಲ್’. ಬುದ್ಧನ ಮುಂದೆ ಫೋಟೊ, ಹೊರಗೆ ಬಂದು ಒಂದು ತಟ್ಟೆ ಮೊಮೊ, ಮತ್ತೆ ಗಾಡಿ. ಇಷ್ಟಕ್ಕೇ ಹೋಗುವುದಾದರೆ ಈ ಬರಹ ನಿಮಗೆ ಬೇಕಿಲ್ಲ. ಟಿಬೆಟನ್ ನಿರಾಶ್ರಿತರ ಈ ನೆಲೆಯಲ್ಲಿ ಬೌದ್ಧರು ಇಂದು ಹೇಗೆ ಓದುತ್ತಾರೆ, ಹೇಗೆ ಪೂಜಿಸುತ್ತಾರೆ, ಹೇಗೆ ಬದುಕುತ್ತಾರೆ ಎಂದು ನೋಡುವ ಆಸೆಯಿದ್ದರೆ ಇಡೀ ದಿನ ಇಟ್ಟುಕೊಳ್ಳಿ. ರಾತ್ರಿ ತಂಗಿದರೆ ಇನ್ನೂ ಒಳ್ಳೆಯದು.

ಊರು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನದು. ಆದರೆ ಬಸ್ಸು, ಹೋಟೆಲ್ಲು, ಔಷಧಿ ಅಂಗಡಿ ಎಲ್ಲಕ್ಕೂ ಹೊಳೆಯಾಚೆಯ ಕುಶಾಲನಗರವೇ ಆಸರೆ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಹತ್ತಿ, ಕುಶಾಲನಗರಕ್ಕೆ ಸ್ವಲ್ಪ ಮೊದಲು ಕೊಪ್ಪದಲ್ಲಿ ಇಳಿದರೆ ಆಟೊ ಸಿಗುತ್ತದೆ. ಆಟೊದವರು ನೇರವಾಗಿ ಗೋಲ್ಡನ್ ಟೆಂಪಲ್‌ಗೇ ಒಯ್ಯುತ್ತಾರೆ. ಸೆರಾ ಮಠಕ್ಕೂ ಹೋಗಬೇಕು, ಸಂಜೆ ವಾಪಸ್ ಬರಬೇಕು ಎಂದು ಹತ್ತುವ ಮೊದಲೇ ಹೇಳಿ ಬಾಡಿಗೆ ಮಾತನಾಡಿಕೊಳ್ಳಿ. ಕತ್ತಲಾದ ಮೇಲೆ ಸೆರಾ ಕಡೆಯಿಂದ ಗಾಡಿ ಹುಡುಕುವುದು ಕಷ್ಟ.

ಗೋಲ್ಡನ್ ಟೆಂಪಲ್ ಇರುವುದು ನಾಮ್‌ಡ್ರೋಲಿಂಗ್ ಮಠದ ಆವರಣದಲ್ಲಿ. ಟಿಬೆಟನ್ ಬೌದ್ಧಧರ್ಮದ ಅತಿ ಹಳೆಯ ಪಂಥವಾದ ಞಿಂಗ್ಮಾದ ಗುರು ಪೆನೋರ್ ರಿಂಪೋಚೆ 1963ರಲ್ಲಿ ಸ್ಥಾಪಿಸಿದ ಮಠವಿದು. ದೊಡ್ಡ ದೇಗುಲ ತೆರೆದದ್ದು 1999ರಲ್ಲಿ. ಒಳಗೆ ನಡುವೆ ಅರವತ್ತು ಅಡಿಯ ಶಾಕ್ಯಮುನಿ ಬುದ್ಧ, ಅಕ್ಕಪಕ್ಕದಲ್ಲಿ ಟಿಬೆಟ್‌ಗೆ ಬೌದ್ಧಧರ್ಮ ಒಯ್ದ ಗುರು ಪದ್ಮಸಂಭವ ಮತ್ತು ದೀರ್ಘಾಯುಷ್ಯದ ಬುದ್ಧ ಅಮಿತಾಯು. ಭಾನುವಾರ ಮಧ್ಯಾಹ್ನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಾರದ ದಿನ ಬೆಳಗ್ಗೆ ಬೇಗ ಹೋಗಿ. ಮಠದಲ್ಲಿ ಸಾಮೂಹಿಕ ಪಠಣ ನಡೆಯುತ್ತಿದ್ದರೆ ಬಾಗಿಲ ಬಳಿ ಗೋಡೆಗೊರಗಿ ಸುಮ್ಮನೆ ಕುಳಿತುಕೊಳ್ಳಿ. ಎದೆಯಾಳದಿಂದ ಬರುವ ಮಂದ್ರ ಸ್ವರದ ಪಾಠ ಒಂದೇ ಸಮನೆ ಸಾಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಉದ್ದನೆಯ ಕಹಳೆ, ನಗಾರಿ, ತಾಳ ಒಟ್ಟಿಗೆ ಮೊಳಗುತ್ತವೆ. ಪಠಣದ ನಡುವೆಯೇ ಮರಿ ಭಿಕ್ಷುಗಳು ತಮ್ಮ ಅರ್ಧ ಎತ್ತರದ ಕೆಟಲ್ ಹೊತ್ತು ಸಾಲುಗಳ ಮಧ್ಯೆ ಓಡುತ್ತಾರೆ. ಹಿರಿಯರು ಪುಟದಿಂದ ಕಣ್ಣೆತ್ತದೆ ಬಟ್ಟಲು ಮುಂದೆ ಚಾಚುತ್ತಾರೆ. ಪೂಜೆಯ ಹೊತ್ತಿನಲ್ಲೇ ಚಹಾ ಕುಡಿಯುವ ಈ ಸರಳತೆ ಮಡಿ ಮೈಲಿಗೆಯಲ್ಲಿ ಬೆಳೆದ ನನಗೆ ಬಹಳ ಹಿಡಿಸಿತು.

ಇಲ್ಲಿಂದ ಕೆಲವು ಕಿಲೋಮೀಟರ್ ದೂರದ ಸೆರಾ ಮಠಕ್ಕೆ ಪ್ರವಾಸಿಗರು ಬರುವುದು ಕಡಿಮೆ. ನನ್ನ ಮಟ್ಟಿಗೆ ಬೈಲಕುಪ್ಪೆ ಎಂದರೆ ಇದೇ. ಮೂಲ ಸೆರಾ 1419ರಲ್ಲಿ ಟಿಬೆಟ್‌ನ ಲ್ಹಾಸಾದ ಬಳಿ ಶುರುವಾದ, ದಲೈ ಲಾಮಾ ಸೇರಿದ ಗೆಲುಗ್ ಪಂಥದ ವಿದ್ಯಾಪೀಠ. ಚೀನಾದ ಹಿಡಿತಕ್ಕೆ ಸಿಕ್ಕ ಟಿಬೆಟ್‌ನಿಂದ 1959ರ ನಂತರ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಹಲವು ವರ್ಷ ಬಂಗಾಳದ ಬಕ್ಸಾದ ಹಳೆಯ ಸೆರೆಮನೆಯಲ್ಲಿದ್ದು, 1970ರ ಹೊತ್ತಿಗೆ ಇಲ್ಲಿಗೆ ಬಂದು ಕಾಡು ಕಡಿದು, ಜೋಳ ಬೆಳೆದು ಮಠ ಕಟ್ಟಿದರು. ಇಲ್ಲಿ ಗೆಶೆ ಎಂಬ ಅತ್ಯುನ್ನತ ವಿದ್ವತ್ ಪದವಿಗೆ ಇಪ್ಪತ್ತು ವರ್ಷದ ಆಸುಪಾಸು ಓದಬೇಕು. ಆ ಓದಿನ ದೊಡ್ಡ ಭಾಗ ನಡೆಯುವುದು ಅಂಗಳದಲ್ಲಿ, ವಾದದ ಮೂಲಕ.

ಸಂಜೆ ಆ ಅಂಗಳದ ಅಂಚಿನಲ್ಲಿ ನಿಲ್ಲಿ. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನೆ ಕೇಳುವವನು ಎದುರಿಗೆ ನಿಂತಿರುತ್ತಾನೆ. ಪ್ರಶ್ನೆ ಮುಗಿಯುವ ಕ್ಷಣಕ್ಕೆ ಸರಿಯಾಗಿ ನಿಂತವನು ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡ ಅಂಗೈಗೆ ಪಟ್ಟೆಂದು ಬಡಿಯುತ್ತಾನೆ; ಜಪಮಾಲೆ ತೋಳಿನ ಮೇಲೆ ಸರ್ರನೆ ಜಾರುತ್ತದೆ. ಕುಳಿತವನಿಗೆ ಭಾಷಣ ಮಾಡುವ ಸ್ವಾತಂತ್ರ್ಯವಿಲ್ಲ. ಒಪ್ಪಿದೆ, ಹೇತು ಸಿದ್ಧವಾಗಿಲ್ಲ (ಕೊಟ್ಟ ಕಾರಣವೇ ನಿಜವಲ್ಲ), ವ್ಯಾಪ್ತಿ ಇಲ್ಲ (ಆ ಕಾರಣದಿಂದ ಈ ತೀರ್ಮಾನ ಬರುವುದಿಲ್ಲ), ಏಕೆ? ಬಹುಮಟ್ಟಿಗೆ ಇಂಥ ಮೊಟಕು ಉತ್ತರಗಳಲ್ಲೇ ಅವನು ತಪ್ಪಿಸಿಕೊಳ್ಳಬೇಕು. ತನ್ನ ಮಾತಿಗೆ ತಾನೇ ವಿರುದ್ಧವಾಗಿ ಸಿಕ್ಕಿಬಿದ್ದರೆ ಸುತ್ತಲಿನವರೆಲ್ಲ ಕೂಗೆಬ್ಬಿಸುತ್ತಾರೆ. ಜಗಳವೇ ಆಯಿತೇನೋ ಎನ್ನುವಷ್ಟರಲ್ಲಿ ಇಬ್ಬರೂ ನಗುತ್ತಿರುತ್ತಾರೆ. ಭಾಷೆ ಒಂದಕ್ಷರ ಅರ್ಥವಾಗದಿದ್ದರೂ ಯಾರು ಸೋಲುತ್ತಿದ್ದಾರೆ ಎಂದು ತಿಳಿಯುತ್ತದೆ. ಈ ತರ್ಕದ ಬೇರು ಪ್ರಾಚೀನ ಭಾರತದ ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಯರದು. ನಮ್ಮ ನೆಲದಲ್ಲಿ ಹುಟ್ಟಿ, ಹಿಮಾಲಯ ದಾಟಿ ಹೋದ ವಿದ್ಯೆ ನಿರಾಶ್ರಿತರ ಜೊತೆ ಮೈಸೂರು ಸೀಮೆಗೆ ಬಂದಿದೆ. ಪರೀಕ್ಷೆ, ರಜೆ, ದೊಡ್ಡ ಪೂಜೆಗಳಿದ್ದಾಗ ವಾದ ನಡೆಯುವುದಿಲ್ಲ. ಆದ್ದರಿಂದ ಮಠದ ಅತಿಥಿಗೃಹದಲ್ಲಿ ವಿಚಾರಿಸಿಯೇ ದಿನ ಗೊತ್ತುಮಾಡಿ. ಫೋಟೊ ತೆಗೆಯುವ ಮೊದಲು ಕೇಳಿ. ಅವರು ಪಾಠದಲ್ಲಿದ್ದಾರೆ, ಪ್ರದರ್ಶನ ಕೊಡುತ್ತಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಟಿಬೆಟನ್ನರು ವಾಸಿಸುವ ಕ್ಯಾಂಪುಗಳಲ್ಲಿ ಯಾವುದಾದರೂ ಒಂದರೊಳಗೆ ನಡೆದುಬನ್ನಿ. 1960ರಲ್ಲಿ ಶುರುವಾದ ಈ ನೆಲೆಯ ಮನೆಗಳು ಇಂದಿಗೂ ಕ್ಯಾಂಪಿನ ನಂಬರಿನಿಂದಲೇ ಪರಿಚಿತ. ಹಲವು ಮನೆಗಳಲ್ಲಿ ವಯಸ್ಸಾದವರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕ, ಕೆನಡಾದಲ್ಲೋ ಇದ್ದಾರೆ. ಚಳಿಗಾಲ ಬಂತೆಂದರೆ ಇನ್ನಷ್ಟು ಮನೆಗಳಿಗೆ ಬೀಗ. ಊರೂರಿಗೆ ಸ್ವೆಟರ್ ಮಾರಲು ಹೋಗಿರುತ್ತಾರೆ. ಟಿಬೆಟ್‌ನಿಂದ ಹೊಸಬರು ಬರುವುದು ಬಹುತೇಕ ನಿಂತಿರುವುದರಿಂದ ಮಠಗಳಲ್ಲಿ ಈಗ ಲಡಾಖ್, ಅರುಣಾಚಲ, ನೇಪಾಳದ ಹುಡುಗರು ಹೆಚ್ಚು ಕಾಣುತ್ತಾರೆ. ಅಂಗಡಿಯೊಂದರಲ್ಲಿ ಮಣಿಚಕ್ರ ತಿರುಗಿಸುತ್ತಿದ್ದ ಅಜ್ಜಿ ನನ್ನ ಹಿಂದಿಯನ್ನು ಕೇಳಲಾರದೆ, ‘ಕನ್ನಡ ಬರಲ್ವಾ ನಿಮಗೆ?’ ಎಂದರು. ಆಮೇಲೆ ಮಳೆ, ಜೋಳದ ರೇಟು, ಕಾಡಾನೆ ಎಂದು ಅರ್ಧ ಗಂಟೆ ಮಾತು.

ನಡವಳಿಕೆಯ ವಿಷಯ ಹೆಚ್ಚಿಲ್ಲ. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಪ್ರದಕ್ಷಿಣೆ ನಮ್ಮ ದೇವಸ್ಥಾನಗಳಂತೆಯೇ ಬಲಕ್ಕೆ. ಪ್ರಾರ್ಥನಾ ಚಕ್ರವನ್ನೂ ಹಾಗೆಯೇ ತಿರುಗಿಸಬೇಕು. ಭಿಕ್ಷುಗಳು ಕೂರುವ ದಿಂಬು ತುಳಿಯಬೇಡಿ, ಗ್ರಂಥ ನೆಲದ ಮೇಲಿಡಬೇಡಿ. ಭಾರತೀಯರು ತಂಗಲು ಗುರುತಿನ ಚೀಟಿ ಸಾಕು. ಜೊತೆಯಲ್ಲಿ ವಿದೇಶಿ ಸ್ನೇಹಿತರಿದ್ದರೆ ರಾತ್ರಿ ಉಳಿಯಲು ಅವರಿಗೆ ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು. ಅದು ಬರಲು ವಾರಗಳೇ ಹಿಡಿಯುವುದರಿಂದ ಬಹಳ ಮೊದಲೇ ಅರ್ಜಿ ಹಾಕಿಸಿ. ಇಲ್ಲವಾದರೆ ಕುಶಾಲನಗರದಲ್ಲೇ ಕೋಣೆ ಮಾಡಿ.

ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುವ ಲೋಸಾರ್, ಅಂದರೆ ಟಿಬೆಟನ್ ಹೊಸ ವರ್ಷಕ್ಕೆ ಮುಂಚಿನ ದಿನಗಳಲ್ಲಿ ನಾಮ್‌ಡ್ರೋಲಿಂಗ್‌ನಲ್ಲಿ ಮುಖವಾಡದ ಕುಣಿತ ನೋಡಬಹುದು. ಹಬ್ಬದ ದಿನ ಅಂಗಡಿ ಹೋಟೆಲುಗಳು ಮುಚ್ಚಿರುತ್ತವೆ ಎಂಬುದು ನೆನಪಿರಲಿ. ದಲೈ ಲಾಮಾ ಬರುವ ಸುದ್ದಿಯಿದ್ದರೆ ಸುತ್ತಮುತ್ತ ಎಲ್ಲೂ ಕೋಣೆ ಸಿಗುವುದಿಲ್ಲ.

ಧ್ಯಾನ ಕಲಿಯುವ ಉದ್ದೇಶದಿಂದ ಹೊರಟಿದ್ದರೆ ಮಾತ್ರ ಬೈಲಕುಪ್ಪೆ ನಿಮ್ಮ ಜಾಗವಲ್ಲ. ಈ ಮಠಗಳು ಭಿಕ್ಷುಗಳ ವಿದ್ಯಾಲಯಗಳು. ದಾರಿಹೋಕರಿಗೆ ತರಗತಿ ನಡೆಸುವುದು ಅವರ ಕೆಲಸವಲ್ಲ. ಅದಕ್ಕೆ ಧ್ಯಾನಗುರು ಎಸ್. ಎನ್. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಗಳಿವೆ, ಶುಲ್ಕವಿಲ್ಲ, ದೇಣಿಗೆಯಿಂದ ನಡೆಯುತ್ತವೆ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿಯೂ ಇದೆ. ಅಲ್ಲಿನದು ಶ್ರೀಲಂಕಾ, ಬರ್ಮಾಗಳಲ್ಲಿರುವ ಥೇರವಾದ ಬೌದ್ಧ ಪರಂಪರೆ, ಕಹಳೆ, ನಗಾರಿ ಯಾವುದೂ ಇಲ್ಲ.